ದೊಡ್ಡ ಕಾಯಿಲೆ ಬಂದಮೇಲೆ ಸಾವಿನ ಮಾತು: ಯಾರ ಹತ್ತಿರ, ಯಾವಾಗ, ಹೇಗೆ

ಈ ಬರಹ ಕಾಯಿಲೆ ಇರುವವರಿಗೆ. ಮನೆಯವರು ಓದಬಹುದು, ಓದಿದರೆ ಒಳ್ಳೆಯದೇ. ಆದರೆ ನಾನು ಮಾತಾಡುತ್ತಿರುವುದು ಹಾಸಿಗೆ ಮೇಲೆ ಇರುವವರ ಜೊತೆ. ನಮ್ಮ ಕಡೆ ದೊಡ್ಡ ಕಾಯಿಲೆ ಬಂತು ಅಂದರೆ, ಬಂದವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಅದರ ಸುದ್ದಿ ಪೂರ್ತಿ ಗೊತ್ತಿರುತ್ತದೆ. ಮಗನಿಗೆ ಗೊತ್ತು, ಅಳಿಯನಿಗೆ ಗೊತ್ತು, ಆಳಂದದಲ್ಲಿರುವ ಕಾಕಾಗೆ ಗೊತ್ತು. ರಿಪೋರ್ಟ್ ತರಲು ಹೋದ ಆಟೋದವನಿಗೂ ಅರ್ಧ ಗೊತ್ತು.

ನಾನು ಕಲಬುರಗಿಯವ. ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಮೇಲಿದ್ದೇನೆ. ಅಕ್ಕಪಕ್ಕದ ಹಾಸಿಗೆಗಳಲ್ಲಿ ಚಿತ್ತಾಪುರ, ಸೇಡಂ, ಶಹಾಪುರ, ಹುಮನಾಬಾದ್ ಕಡೆಯವರು ಇರುತ್ತಾರೆ. ಮಷಿನ್ ಹಚ್ಚಿದ ಮೇಲೆ ತಾಸುಗಟ್ಟಲೆ ಎಲ್ಲೂ ಏಳುವಂತಿಲ್ಲ. ಮೊದಲು ಮಳೆ, ಬೆಳೆ, ಮಕ್ಕಳ ನೌಕರಿ. ಆಮೇಲೆ ಯಾರೋ ಒಬ್ಬರು ಸಣ್ಣ ದನಿಯಲ್ಲಿ ಅದನ್ನು ಶುರು ಮಾಡುತ್ತಾರೆ. ಕೆಳಗೆ ಬರೆದದ್ದು ಅಲ್ಲಿ ಕೇಳಿದ್ದು, ನೋಡಿದ್ದು, ಕೆಲವು ನಾನೇ ಮಾಡಿದ್ದು. ಕ್ಯಾನ್ಸರ್ ಇರಲಿ, ಹೃದಯದ್ದಿರಲಿ, ಲಿವರ್ ಇರಲಿ, ಹೆಜ್ಜೆಗಳು ಹೆಚ್ಚುಕಡಿಮೆ ಇವೇ. ಔಷಧಿ, ಡೋಸ್‌ಗಳ ತೀರ್ಮಾನ ಮಾತ್ರ ನಿಮ್ಮ ಡಾಕ್ಟರದ್ದು.

1. ಡಾಕ್ಟರ ಕೋಣೆಯಲ್ಲಿ ನೀವೇ ಕೂರಿ

ದವಾಖಾನೆಯ ಬಾಗಿಲ ಹೊರಗೆ ದಿನಾ ನಡೆಯುವುದು ಇದು. ಡಾಕ್ಟರು ನೋಡಿ ಮುಗಿಸುತ್ತಾರೆ. ಮಗ ಹೇಳುತ್ತಾನೆ, "ನೀ ಹೊರಗ ಕೂಡು ಯಪ್ಪಾ, ನಾ ಗುಳಿಗಿ ಚೀಟಿ ತಗೊಂಡು ಬರ್ತೀನಿ." ಅಪ್ಪ ಹೋಗಿ ಬೆಂಚಿನ ಮೇಲೆ ಕೂರುತ್ತಾರೆ. ಬಾಗಿಲು ಮುಚ್ಚುತ್ತದೆ. ಒಂದು ಚೀಟಿ ಬರೆಯಲು ಬೇಕಾಗುವುದಕ್ಕಿಂತ ಜಾಸ್ತಿ ಹೊತ್ತು ಮುಚ್ಚಿರುತ್ತದೆ. ಮಗ ಹೊರಗೆ ಬರುವಾಗ ಮುಖ ತೊಳೆದುಕೊಂಡಿರುತ್ತಾನೆ. "ಏನಂದ್ರು?" "ಏನಿಲ್ಲ, ಟಾನಿಕ್ ಬರ್ದಾರ." ಅಪ್ಪನಿಗೆ ಅರ್ಥವಾಗಿರುತ್ತದೆ. ಅಪ್ಪನಿಗೆ ಅರ್ಥವಾಗಿದೆ ಅಂತ ಮಗನಿಗೂ ಗೊತ್ತಿರುತ್ತದೆ. ಅಲ್ಲಿಂದ ಬಸ್ ಸ್ಟ್ಯಾಂಡಿನವರೆಗೂ ಇಬ್ಬರೂ ತೊಗರಿ ರೇಟಿನ ಬಗ್ಗೆ ಮಾತಾಡುತ್ತಾರೆ.

ಮಗ ಕೆಟ್ಟವನಲ್ಲ, ಪ್ರೀತಿಗೇ ಹೀಗೆ ಮಾಡುತ್ತಾನೆ. ಆದರೆ ಆ ಬಾಗಿಲು ಒಮ್ಮೆ ಮುಚ್ಚಿತು ಅಂದರೆ ಮುಂದಿನ ಎಲ್ಲ ತೀರ್ಮಾನಗಳೂ ಅದರ ಹಿಂದೆಯೇ ಆಗುತ್ತವೆ. ಹೈದರಾಬಾದಿಗೆ ಹೋಗಬೇಕೋ ಬೇಡವೋ, ಹೊಲ ಅಡ ಇಡಬೇಕೋ ಬೇಡವೋ, ಇನ್ನೊಂದು ಆಪರೇಷನ್ ಬೇಕೋ ಬೇಡವೋ. ಹೀಗಾಗಿ ಮುಂದಿನ ಸಲ ಏಳಬೇಡಿ. "ಸಾಹೇಬ್ರ, ನನ್ನ ಮುಂದನ ಹೇಳ್ರಿ. ಇದ್ದದ್ದು ಇದ್ದಂಗ ಹೇಳ್ರಿ, ನಾ ತಡಕೋತೀನಿ" ಅನ್ನಿ. ಹೀಗಂದರೆ ಸುಮಾರು ಡಾಕ್ಟರುಗಳಿಗೆ ನಿರಾಳವೇ ಆಗುತ್ತದೆ.

ಕೇಳಬೇಕಾದ ಪ್ರಶ್ನೆಗಳನ್ನು ಫೈಲಿನ ಹಿಂದೆ ಬರೆದುಕೊಂಡು ಹೋಗಿ, ಅಲ್ಲಿ ಎದುರಿಗೆ ಕೂತಾಗ ಎಲ್ಲ ಮರೆತುಹೋಗುತ್ತದೆ. ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ: ಈ ಚಿಕಿತ್ಸೆ ಕಾಯಿಲೆ ಗುಣ ಮಾಡಲಿಕ್ಕಾ, ಸ್ವಲ್ಪ ದಿನ ಹಿಡಿದಿಡಲಿಕ್ಕಾ, ಇಲ್ಲ ನೋವು ಕಡಿಮೆ ಮಾಡಲಿಕ್ಕಾ? ಮೂರೂ ಬೇರೆ ಬೇರೆ. ಕೀಮೋ ಕೊಡುತ್ತಿದ್ದಾರೆ ಅಂದರೆ ಗುಣವಾಗುತ್ತದೆ ಅಂತ ನಾವೇ ಅಂದುಕೊಂಡುಬಿಡುತ್ತೇವೆ. ಎಷ್ಟೋ ಸಲ ಅದು ಹಿಡಿದಿಡಲಿಕ್ಕೆ ಮಾತ್ರ ಇರುತ್ತದೆ. ಆಮೇಲೆ ಇವನ್ನು ಕೇಳಿ: ಇದನ್ನು ಮಾಡಿಸದಿದ್ದರೆ ಏನಾಗುತ್ತದೆ? ಮಾಡಿಸಿದರೆ ನಾನು ಎಷ್ಟು ದಿನ ಹಾಸಿಗೆ ಹಿಡಿಯಬೇಕು? ಮುಂದೆ ಯಾವ ತೊಂದರೆ ಬರಬಹುದು, ಬಂದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು?

"ನನಗ ಎಷ್ಟ್ ದಿನ ಅದ?" ಅಂತ ಕೇಳಿದರೆ ನೇರ ಉತ್ತರ ಸಿಗುವುದು ಕಡಿಮೆ. ಅಷ್ಟು ನಿಖರವಾಗಿ ಅವರಿಗೂ ಹೇಳಲಾಗುವುದಿಲ್ಲ. ಪ್ರಶ್ನೆ ಬದಲಿಸಿ. "ವರ್ಷಗಳ ಲೆಕ್ಕದಾಗ ಇದ್ದೀನೇನ್ರಿ, ತಿಂಗಳ ಲೆಕ್ಕದಾಗೋ, ವಾರದ ಲೆಕ್ಕದಾಗೋ?" ಇದಕ್ಕೆ ಉತ್ತರ ಬರುತ್ತದೆ. ಮಗಳ ಮದುವೆ ಈ ವರ್ಷವೇ ಮಾಡಬೇಕಾ ಅಂತ ತೀರ್ಮಾನಿಸಲು ಅಷ್ಟು ಸಾಕು.

ತಿಳಿದುಕೊಳ್ಳುವುದೇ ಬೇಡ ಅನ್ನುವವರೂ ಇದ್ದಾರೆ. ಅದೂ ಸರಿ. ಆದರೆ ಅದನ್ನೂ ನೀವೇ ಬಾಯಿಬಿಟ್ಟು ಹೇಳಿ: "ನನಗ ಬ್ಯಾಡ್ರಿ, ಎಲ್ಲಾ ನನ್ನ ಮಗಳ ಮುಂದ ಹೇಳ್ರಿ." ಯಾರಿಗೆ ಹೇಳಬೇಕು ಅನ್ನುವ ಆಯ್ಕೆಯಾದರೂ ನಿಮ್ಮದಾಗಿರುತ್ತದೆ.

ಇನ್ನೊಬ್ಬ ಡಾಕ್ಟರನ್ನು ಕೇಳಬೇಕು ಅನ್ನಿಸಿದರೆ ಕೇಳಿ, ಒಂದು ಸಲ. ನಮ್ಮ ಭಾಗದಲ್ಲಿ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಇದೆ, ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ, ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇದೆ. ಅಂಥದ್ದೇ ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದನ್ನು ಬಿಟ್ಟು ಯಾರೋ ಹೇಳಿದರು ಅಂತ ಸೋಲಾಪುರ, ಹೈದರಾಬಾದ್, ಬೆಂಗಳೂರು ಅಂತ ಸುತ್ತುತ್ತಾ ಹೋದರೆ ಕೈಯಲ್ಲಿರುವ ಒಳ್ಳೆಯ ದಿನಗಳೆಲ್ಲ ಬಸ್ಸು, ಲಾಡ್ಜುಗಳಲ್ಲೇ ಕಳೆದುಹೋಗುತ್ತವೆ.

2. ರಾತ್ರಿಯ ಭಯವನ್ನು ಬಿಡಿಸಿ ನೋಡಿ

ಹಗಲು ಹೇಗೋ ಹೋಗುತ್ತದೆ. ರಾತ್ರಿ ಎಲ್ಲರೂ ಮಲಗಿ, ಫ್ಯಾನಿನ ಸದ್ದು ಮಾತ್ರ ಉಳಿದಾಗ ಅದು ಬರುತ್ತದೆ. ಸುಮ್ಮನೆ "ಸಾವಿನ ಭಯ" ಅಂದರೆ ಕೈಗೆ ಸಿಗುವುದಿಲ್ಲ. ಬಿಡಿಸಿದರೆ ಅದರೊಳಗೆ ನಾಲ್ಕೈದು ಭಯ ಇರುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಬರೆಯಲು ಬಾರದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ.

ಡಯಾಲಿಸಿಸ್ ಹಾಸಿಗೆಗಳಲ್ಲಿ ನಾನು ಕೇಳಿದ ಭಯಗಳು ಇವು: ಕೊನೆಗೆ ಜಾಸ್ತಿ ನೋವಾಗುತ್ತದಾ? ಉಸಿರು ಕಟ್ಟುತ್ತದಾ? ನನ್ನ ಹೇಲು ಉಚ್ಚೆ ಸೊಸೆ ಬಳಿಯಬೇಕಾಗುತ್ತದಾ? ಸಾಲ ಯಾರು ತೀರಿಸುತ್ತಾರೆ? ಹೆಂಡತಿ ಒಬ್ಬಳೇ ಹೇಗೆ ಇರುತ್ತಾಳೆ? ಹೋದ ಮೇಲೆ ಏನು?

ಈಗ ವಿಂಗಡಿಸಿ. ನೋವಿಗೆ, ಉಸಿರಾಟಕ್ಕೆ ಔಷಧಿ ಇದೆ, ಅದು ಡಾಕ್ಟರ ಪಾಲು. ಸಾಲ, ಹೊಲ, ಹೆಂಡತಿಯ ಹೆಸರಿನ ಖಾತೆ ಇವಕ್ಕೆ ಕಾಗದದ ಕೆಲಸ ಇದೆ, ಅದು ನಿಮ್ಮ ಪಾಲು. ಸೊಸೆಯ ಮಾತು ಸೊಸೆಯ ಹತ್ತಿರವೇ ಆಡಬೇಕು, ಎಷ್ಟೋ ಸಲ ಆಕೆಗೆ ಅದು ನಿಮಗಿರುವಷ್ಟು ದೊಡ್ಡ ವಿಷಯವೇ ಆಗಿರುವುದಿಲ್ಲ. ಕೊನೆಯ ಪ್ರಶ್ನೆಗೆ ಮಾತ್ರ ಯಾರ ಹತ್ತಿರವೂ ಚೀಟಿ ಇಲ್ಲ. ಅದಕ್ಕೆ ಜೊತೆಗೆ ಕೂರುವವರು ಬೇಕು. ಮಠದ ಸ್ವಾಮಿಗಳೋ, ಮಸೀದಿಯ ಮೌಲಾನಾ ಅವರೋ, ವಿಹಾರದ ಭಂತೇಜಿಯೋ, ಹಳೆಯ ಗೆಳೆಯನೋ. ಉಪದೇಶ ಮಾಡದೆ ಕೇಳಿಸಿಕೊಳ್ಳುವವರು ಯಾರಿದ್ದರೂ ಸರಿ.

ವಾರಗಟ್ಟಲೆ ನಿದ್ದೆ ಇಲ್ಲ, ಯಾರ ಮುಖವೂ ಬೇಡ, ಮೊಮ್ಮಗು ಬಂದರೂ ಮನಸ್ಸು ಅರಳುವುದಿಲ್ಲ ಅಂದರೆ ಅದು ಕಾಯಿಲೆಯ ಜೊತೆ ಬಂದ ಖಿನ್ನತೆ ಇರಬಹುದು. ಅದಕ್ಕೂ ಚಿಕಿತ್ಸೆ ಇದೆ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಜೀವ ತೆಗೆದುಕೊಳ್ಳಬೇಕು ಅನ್ನುವ ಯೋಚನೆ ಬಂದರೆ ಆ ಹೊತ್ತಿಗೇ ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ ಹೇಳಿ, ಬೆಳಗಾಗಲಿ ಅಂತ ಕಾಯಬೇಡಿ.

ನಮ್ಮಲ್ಲಿ ಒಂದು ಮಾತಿದೆ, ಶರಣರ ಗುಣ ಮರಣದಲ್ಲಿ ಕಾಣು ಅಂತ. ನೋಡಲು ಬಂದ ಹಿರಿಯರು ಕಾಯಿಲೆಯವರ ಕಾಲ ಬಳಿ ಕೂತು ಇದನ್ನು ಹೇಳಿ ಹೋಗುತ್ತಾರೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ನನಗಂತೂ ಕೇಳಿದಾಗಲೆಲ್ಲ ಪರೀಕ್ಷೆ ಹಾಲಿನಲ್ಲಿ ಕೂತಂತೆ ಆಗುತ್ತದೆ. ಹೆದರಿಕೆ ಆದರೆ ಹೆದರಿ. ಅಳು ಬಂದರೆ ಅಳಿ. ಯಾರೂ ನಂಬರ್ ಹಾಕುತ್ತಿಲ್ಲ.

3. ನೋವಿಗೆ ಈಗಲೇ ದಾರಿ ಮಾಡಿಕೊಳ್ಳಿ

ನೋವು ತಡೆದುಕೊಳ್ಳುವುದು ಗಂಡಸುತನ, ತಾಳ್ಮೆ ಅಂತ ಬೆಳೆದವರು ನಾವು. ಆದರೆ ನೋವು ತಿನ್ನುತ್ತಿರುವಾಗ ಬೇರೆ ಯಾವ ಕೆಲಸವೂ ಆಗುವುದಿಲ್ಲ. ಮಗಳ ಜೊತೆ ಮಾತಾಡಲೂ ಆಗುವುದಿಲ್ಲ.

ಪ್ಯಾಲಿಯೇಟಿವ್ ಕೇರ್ ಅನ್ನುವ ವಿಭಾಗದ ಬಗ್ಗೆ ಡಾಕ್ಟರನ್ನು ನೀವೇ ಕೇಳಿ. ನೋವು, ಉಸಿರಾಟದ ತೊಂದರೆ, ವಾಂತಿ, ಹಾಸಿಗೆ ಹುಣ್ಣು, ಮನಸ್ಸಿನ ಕಷ್ಟ ಎಲ್ಲವನ್ನೂ ನೋಡಿಕೊಳ್ಳುವ ಆರೈಕೆ ಇದು. ಅಲ್ಲಿಗೆ ಕಳಿಸಿದರೆ "ಕೈ ಬಿಟ್ಟರು" ಅಂತ ಮನೆಯವರು ಅಳುತ್ತಾರೆ. ಹಾಗೇನಿಲ್ಲ. ಮುಖ್ಯ ಚಿಕಿತ್ಸೆ ನಡೆಯುತ್ತಿರುವಾಗಲೇ ಜೊತೆಜೊತೆಗೆ ಇದನ್ನೂ ತೆಗೆದುಕೊಳ್ಳಬಹುದು, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಕ್ಯಾನ್ಸರ್ ಇದ್ದರೆ ಕಿದ್ವಾಯಿ ಕೇಂದ್ರದಲ್ಲಿ ಕೇಳಿ, ಉಳಿದವರು ಜಿಲ್ಲಾಸ್ಪತ್ರೆಯ ಎನ್‌ಸಿಡಿ (ಅಂಟುರೋಗವಲ್ಲದ ಕಾಯಿಲೆಗಳ) ವಿಭಾಗದಲ್ಲಿ ವಿಚಾರಿಸಿ. ಬೀದರ್ ಕಡೆಯವರು ಹೈದರಾಬಾದಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಎಂಎನ್‌ಜೆಗೆ ಹೋಗುವುದು ಮೊದಲಿಂದಲೂ ಇದೆ, ಅಲ್ಲೂ ಈ ವಿಭಾಗ ಇದೆ.

ಜೋರು ನೋವಿಗೆ ಕೊಡುವ ಮಾರ್ಫಿನ್ ಹೆಸರು ಕೇಳಿದರೆ ಜನ ಬೆಚ್ಚಿಬೀಳುತ್ತಾರೆ. "ಅದು ನಶೆ ಅಲ್ವಾ? ಕೊನಿಗಿ ಕೊಡೋದು ಅಲ್ವಾ?" ಅಂತ. ಡಾಕ್ಟರು ಹೇಳಿದ ಅಳತೆಯಲ್ಲಿ, ನೋವಿಗಾಗಿ ತೆಗೆದುಕೊಂಡರೆ ಚಟ ಹಿಡಿಯುವ ಸಾಧ್ಯತೆ ಬಹಳ ಕಡಿಮೆ, ಸಾವನ್ನೂ ಬೇಗ ತರುವುದಿಲ್ಲ. ಸಾಧಾರಣ ಮಾರ್ಫಿನ್ ಮಾತ್ರೆಯನ್ನು ಸುಮಾರು 4 ಗಂಟೆಗೊಮ್ಮೆ ಕೊಡುತ್ತಾರೆ. ಗಡಿಯಾರ ನೋಡಿ ತೆಗೆದುಕೊಳ್ಳಿ, ನೋವು ಬರಲಿ ಅಂತ ಕಾಯಬೇಡಿ. ಮೊದಲ ಕೆಲವು ದಿನ ಮಂಪರು, ಹೊಟ್ಟೆ ತೊಳಸುವುದು ಇರುತ್ತದೆ, ಆಮೇಲೆ ತಗ್ಗುತ್ತದೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಬರೆಸಿಕೊಳ್ಳಿ. ನೀವೇ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರೇ ಹಂತಹಂತವಾಗಿ ಇಳಿಸಬೇಕು. ನನ್ನಂಥ ಕಿಡ್ನಿಯವರಿಗೆ ಮಾರ್ಫಿನ್ ಮೈಯಲ್ಲಿ ಉಳಿದುಬಿಡುತ್ತದೆ, ಬೇರೆ ಔಷಧಿಯೋ ಬೇರೆ ಅಳತೆಯೋ ಬೇಕಾಗುತ್ತದೆ. ಯಾವ ಡಾಕ್ಟರ ಹತ್ತಿರ ಹೋದರೂ ಕಿಡ್ನಿ ವಿಷಯ ಮೊದಲು ಹೇಳಿ.

ಎಲ್ಲ ಮೆಡಿಕಲ್ ಶಾಪಿನಲ್ಲೂ ಇದು ಸಿಗುವುದಿಲ್ಲ. ಮಾದಕ ವಸ್ತುಗಳ ಕಾನೂನಿಗೆ 2014ರಲ್ಲಿ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ಆದರೂ ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಮುಂದಿನದಕ್ಕೆ ವ್ಯವಸ್ಥೆ ಮಾಡಿಕೊಳ್ಳಿ.

4. ಮನೆಯಲ್ಲಿ ಬಾಯಿ ಬಿಡಿ

ಇದೇ ಎಲ್ಲಕ್ಕಿಂತ ಕಷ್ಟ. ನೀವು "ನಾ ಹೋದಮ್ಯಾಲ..." ಅಂತ ಶುರು ಮಾಡಿದ ಕೂಡಲೇ ಹೆಂಡತಿ "ಹಂಗ್ಯಾಕ ಅಪಶಕುನ ಮಾತಾಡ್ತೀರಿ, ಏನ್ ಆಗಂಗಿಲ್ಲ ಬಿಡ್ರಿ" ಅಂತ ಎದ್ದು ಒಳಗೆ ಹೋಗುತ್ತಾರೆ. ಮಾತು ಅಲ್ಲಿಗೆ ಮುಗಿಯಿತು.

ಎಲ್ಲರನ್ನೂ ಕೂರಿಸಿ ಸಭೆ ಮಾಡಲು ಹೋಗಬೇಡಿ. ಒಬ್ಬರನ್ನು ಆರಿಸಿಕೊಳ್ಳಿ. ಸಾಮಾನ್ಯವಾಗಿ ಮನೆಯಲ್ಲಿ ಒಬ್ಬರು ಇರುತ್ತಾರೆ, ಅಳುತ್ತಲೇ ಕೆಲಸ ಮಾಡುವವರು. ಅದು ಮಗಳಿರಬಹುದು, ತಮ್ಮನಿರಬಹುದು. ಕೈಯಲ್ಲಿ ಏನಾದರೂ ಕೆಲಸ ಇರುವಾಗ ಮಾತು ತೆಗೆಯಿರಿ. ನನ್ನ ಪಕ್ಕದ ಹಾಸಿಗೆಯ ಒಬ್ಬ ನಿವೃತ್ತ ಬಸ್ ಡ್ರೈವರು ಇದನ್ನು ಮಾಡಿದ್ದು ಹೆಂಡತಿ ಬೆಳಿಗ್ಗೆ ರೊಟ್ಟಿ ಬಡಿಯುವಾಗ, ಅಡುಗೆಮನೆಯ ಬಾಗಿಲಲ್ಲಿ ಕೂತು. ಆಕೆಗೆ ಎದ್ದು ಹೋಗಲಾಗಲಿಲ್ಲ, ಹಂಚಿನ ಮೇಲೆ ರೊಟ್ಟಿ ಇತ್ತು. ಮುಖ ನೋಡಬೇಕಾದ ಕಷ್ಟವೂ ಇರಲಿಲ್ಲ. "ನೀ ಏನೂ ಹೇಳಬ್ಯಾಡ, ಬರೇ ಕೇಳು" ಅಂದರಂತೆ. ಸ್ವಲ್ಪ ಹೊತ್ತು ರೊಟ್ಟಿ ಬಡಿಯುವ ಸದ್ದು ನಿಂತಿತಂತೆ, ಆಮೇಲೆ ಮತ್ತೆ ಶುರುವಾಯಿತಂತೆ. ಮರುದಿನ ಆಕೆಯೇ ಕೇಳಿದಳಂತೆ, "ಪಾಸ್‌ಬುಕ್ ಎಲ್ಲಿ ಇಟ್ಟೀರಿ?"

ಶುರು ಮಾಡಲು ಕೆಲವು ವಾಕ್ಯಗಳು: "ಗುಣ ಆದ್ರ ಛಲೋ. ಆಗಲಿಲ್ಲಂದ್ರ ಏನ್ ಮಾಡೋದು ಅಂತ ಒಂದೀಟು ಮಾತಾಡಮು." ಇಲ್ಲವಾದರೆ, "ನನಗ ಹೇಳಿ ಬಿಟ್ರ ಹಗುರ ಆಗ್ತದ. ನೀ ಕೇಳಿದ್ರ ಸಾಕು." ಒಂದೇ ಸಲಕ್ಕೆ ಎಲ್ಲ ಹೇಳಿ ಮುಗಿಸಬೇಕು ಅಂತ ಇಲ್ಲ. ಅರ್ಧಕ್ಕೆ ನಿಂತರೆ ನಿಲ್ಲಲಿ, ಇನ್ನೊಂದು ದಿನ ಮುಂದುವರಿಯುತ್ತದೆ.

ಚಿಕ್ಕ ಮಕ್ಕಳಿಂದ ಮುಚ್ಚಿಡಬೇಡಿ. "ಅಜ್ಜ ಊರಿಗೆ ಹೋಗ್ತಾನ" ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಹುಡುಕುತ್ತಾರೆ. ಅಜ್ಜನ ಕಾಯಿಲೆ ದೊಡ್ಡದು, ಡಾಕ್ಟರ್ ನೋಡುತ್ತಿದ್ದಾರೆ, ಗುಣ ಆಗಲಿಕ್ಕಿಲ್ಲ, ಇದು ಯಾರ ತಪ್ಪೂ ಅಲ್ಲ. ಇಷ್ಟು ಸರಳವಾಗಿ ಹೇಳಿದರೆ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ತೆಗೆದುಕೊಳ್ಳುತ್ತಾರೆ.

ಮಾತು ಬಿಟ್ಟ ಅಣ್ಣತಮ್ಮಂದಿರು ಎಲ್ಲರ ಮನೆಯಲ್ಲೂ ಇರುತ್ತಾರೆ, ಬದುವಿನ ಜಗಳ ಇಲ್ಲದ ಊರು ಯಾವುದು? ಕರೆಸಬೇಕು ಅನ್ನಿಸಿದರೆ ಮೈಯಲ್ಲಿ ಶಕ್ತಿ ಇರುವಾಗಲೇ ಕರೆಸಿ. ಬೇಡ ಅನ್ನಿಸಿದರೆ ಬೇಡ. ಕೊನೆಗಾಲದಲ್ಲಿ ಎಲ್ಲರನ್ನೂ ಕ್ಷಮಿಸಲೇಬೇಕು ಅಂತ ನಾನು ಒಪ್ಪುವುದಿಲ್ಲ.

5. ಎಲ್ಲಿಯವರೆಗೆ, ಎಲ್ಲಿ ಸಾಕು

ಐಸಿಯು, ವೆಂಟಿಲೇಟರ್ ಎಲ್ಲ ಬಹಳ ಜೀವ ಉಳಿಸುತ್ತವೆ. ಆದರೆ ಕಾಯಿಲೆ ಕೊನೆ ಮುಟ್ಟಿದ ಮೇಲೆ ಬಾಯಲ್ಲಿ ಪೈಪು, ಕೈ ಕಟ್ಟಿ, ಮನೆಯವರು ಗಾಜಿನ ಆಚೆ. ಇದು ನಿಮಗೆ ಬೇಕಾ ಅಂತ ಆ ಹೊತ್ತಿನಲ್ಲಿ ನಿಮ್ಮನ್ನು ಕೇಳಲಾಗುವುದಿಲ್ಲ. ಮಗನನ್ನು ಕೇಳುತ್ತಾರೆ. "ಬ್ಯಾಡ" ಅನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ? ನೀವು ಮೊದಲೇ ಹೇಳಿಟ್ಟಿದ್ದರೆ ಆ ಭಾರ ಅವನ ಮೇಲೆ ಬೀಳುವುದಿಲ್ಲ.

ಹೇಳಿದ್ದನ್ನು ಬರಹಕ್ಕೆ ಇಳಿಸಲು ಕಾನೂನಿನ ದಾರಿ ಇದೆ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. 2023ರ ಜನವರಿಯಲ್ಲಿ ನಿಯಮಗಳನ್ನು ಸರಳ ಮಾಡಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಇದನ್ನು ಲಿವಿಂಗ್ ವಿಲ್ ಅನ್ನುತ್ತಾರೆ.

ಮಾಡುವುದು ಹೀಗೆ. ನಿಮಗೆ 18 ವರ್ಷ ಆಗಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು. ಗುಣವಾಗುವ ಆಸೆ ಇಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಸ್ಪಷ್ಟವಾಗಿ ಬರೆಯಿರಿ: ವೆಂಟಿಲೇಟರ್ ಬೇಡ, ನಿಂತ ಹೃದಯ ಶುರು ಮಾಡಲು ಎದೆ ಒತ್ತುವುದು ಬೇಡ, ಮೂಗಿನ ನಳಿಕೆಯ ಊಟ ಬೇಡ, ಹೀಗೆ. ನೋವಿನ ಔಷಧಿ ನಿಲ್ಲಿಸಬಾರದು ಅಂತಲೂ ಬರೆಯಿರಿ. ಆಗ ನಿಮ್ಮ ಪರ ಮಾತಾಡುವ ಹತ್ತಿರದವರ ಹೆಸರು ಹಾಕಿ, ಒಬ್ಬರಿಗಿಂತ ಹೆಚ್ಚು ಜನರ ಹೆಸರು ಇರಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಿ. ಪ್ರತಿಗಳನ್ನು ಹೆಸರು ಹಾಕಿದವರಿಗೆ, ನಿಮ್ಮ ಡಾಕ್ಟರಿಗೆ, ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಕೊಡಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ವಾಪಸ್ ಪಡೆಯಬಹುದು. ಆ ಹೊತ್ತು ಬಂದಾಗ ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಪರಿಶೀಲಿಸಿಯೇ ಮುಂದುವರಿಯುತ್ತವೆ, ಮನೆಯವರೊಬ್ಬರ ಮಾತಿನ ಮೇಲೆ ಏನೂ ನಡೆಯುವುದಿಲ್ಲ. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ನಮ್ಮ ದೇಶದಲ್ಲಿ ಅಪರಾಧ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಮ್ಮ ಡಯಾಲಿಸಿಸ್ ಮಂದಿಗೆ ಒಂದು ಮಾತು. ನಿಲ್ಲಿಸಿಬಿಡೋಣ ಅನ್ನಿಸುವ ದಿನಗಳು ಬರುತ್ತವೆ, ಅದರಲ್ಲೂ ಬಿಪಿ ಇಳಿದು ಕಾಲು ಸೆಳೆದ ದಿನ. ಅಂಥ ದಿನ ತೀರ್ಮಾನ ಮಾಡಬೇಡಿ. ಸ್ವಲ್ಪ ಚೇತರಿಸಿಕೊಂಡಿರುವ ದಿನ ಡಾಕ್ಟರ ಮುಂದೆ, ಮನೆಯವರ ಮುಂದೆ ಆಡಬೇಕಾದ ಮಾತು ಅದು.

ದುಡ್ಡಿನ ಗೆರೆಯನ್ನೂ ನೀವೇ ಎಳೆಯಿರಿ. "ಮನಿ ಮಾರಬ್ಯಾಡ್ರಿ. ಹೊಲದಾಗ ಇಷ್ಟು ಎಕರೆ ಮುಟ್ಟಬ್ಯಾಡ್ರಿ." ನಿಮ್ಮ ಬಾಯಿಂದ ಬಂದರೆ ಮಾತ್ರ ಮಕ್ಕಳಿಗೆ ಅದು ಅಪ್ಪಣೆ. ಇಲ್ಲದಿದ್ದರೆ ಊರವರ ಮಾತಿಗೆ ಹೆದರಿಯೇ ಮಾರುತ್ತಾರೆ.

6. ಕಾಗದ ಪತ್ರ

ಒಂದು ಪ್ಲಾಸ್ಟಿಕ್ ಫೈಲ್ ತನ್ನಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಎಲ್‌ಐಸಿ ಬಾಂಡ್, ಪಹಣಿ, ಮನೆ ಖಾತೆ, ಪಿಂಚಣಿ ಕಾಗದ ಎಲ್ಲ ಒಂದೇ ಕಡೆ. ನಿಮ್ಮ ಶಾಲೆಯ ಟಿಸಿ ಇದ್ದರೆ ಬಿಸಾಡಬೇಡಿ, ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಮಾಡಿಸುವಾಗ ಮಕ್ಕಳಿಗೆ ನಿಮ್ಮ ದಾಖಲೆ ಬೇಕಾಗಬಹುದು.

ಆಸ್ತಿಯ ವಿಲ್ ಬರೆಯಿರಿ. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಆಯಿತು. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಜಗಳ ಕಡಿಮೆ. ಏಳಲಾಗದಷ್ಟು ಕಾಯಿಲೆ ಇದ್ದರೆ ಅಧಿಕಾರಿ ಮನೆಗೇ ಬರಲು ಕಾನೂನಿನಲ್ಲಿ ಅವಕಾಶ ಇದೆ, ಕಾರಣ ತೋರಿಸಿ ಅರ್ಜಿ ಕೊಡಬೇಕು. ಪಾಲು ಸಿಗುವವರನ್ನು ಸಾಕ್ಷಿ ಮಾಡಬೇಡಿ. ಮುಸ್ಲಿಮರಾದರೆ, ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನದಕ್ಕೆ ವಸೀಯತ್ ನಡೆಯುವುದಿಲ್ಲ.

ಬ್ಯಾಂಕಿನಲ್ಲಿ ನಾಮಿನಿ ಹೆಸರು ನೋಡಿ. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ಎಂದೋ ತೀರಿಹೋದ ತಾಯಿಯ ಹೆಸರೇ ಇರುತ್ತದೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಫೋನಿನ ಪಿನ್, ಯುಪಿಐ ಇರುವ ನಂಬರ್ ಒಬ್ಬರಿಗೆ ಗೊತ್ತಿರಲಿ.

ಯಾವ ಕಚೇರಿಯಲ್ಲೂ ದಾಖಲೆ ಇಲ್ಲದ ಲೆಕ್ಕ ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ. ಅಡತಿ ಅಂಗಡಿಯಲ್ಲಿ ಮುಂಗಡ ತಂದದ್ದು, ಕೈಗಡ ಕೊಟ್ಟದ್ದು, ಒತ್ತೆ ಇಟ್ಟ ಬಂಗಾರ, ಸೊಸೈಟಿಯ ಬೆಳೆಸಾಲ, ಯಾರದೋ ಸಾಲಕ್ಕೆ ಹಾಕಿದ ಜಾಮೀನು. ಇದನ್ನೇ ಮೊದಲು ಬರೆಯಿರಿ. ಸಾವಾದ ಮನೆಗೆ "ನನಗ ಇಷ್ಟು ಕೊಡೋದಿತ್ತು" ಅಂತ ಬರುವವರು ಇರುತ್ತಾರೆ, ಅದರಲ್ಲಿ ಸುಳ್ಳರೂ ಇರುತ್ತಾರೆ.

7. ಮಣ್ಣಿನ ಮಾತು

ಹೊಲದಲ್ಲೋ ರುದ್ರಭೂಮಿಯಲ್ಲೋ ಖಬರಸ್ತಾನದಲ್ಲೋ, ಯಾರು ಮುಂದೆ ನಿಲ್ಲಬೇಕು, ದಿನಕರ್ಮಕ್ಕೆ ಎಷ್ಟು ಖರ್ಚು, ಇಷ್ಟು ಹೇಳಿ. ಊರೂಟಕ್ಕೆ ಸಾಲ ಮಾಡಬೇಡಿ ಅಂತ ಗಟ್ಟಿಯಾಗಿ ಹೇಳಿ, ಎಲ್ಲರ ಮುಂದೆ. ಮಗಳೇ ಮುಂದೆ ನಿಲ್ಲಲಿ ಅನ್ನುವುದಿದ್ದರೆ ಅದನ್ನೂ ಹೇಳಿಟ್ಟಿರಿ.

ಕಣ್ಣು ದಾನ ಮಾಡಬೇಕೆಂದರೆ ಸಾವಾದ 6 ಗಂಟೆಯೊಳಗೆ ತೆಗೆಯಬೇಕು, ಹೀಗಾಗಿ ಮನೆಯವರಿಗೆ ಮೊದಲೇ ಗೊತ್ತಿರಬೇಕು. ಸಕ್ಕರೆ ಕಾಯಿಲೆ, ಬಿಪಿ, ಕನ್ನಡಕ ಯಾವುದೂ ಅಡ್ಡಿಯಲ್ಲ. ರಕ್ತದ ಕ್ಯಾನ್ಸರ್, ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ ಇದ್ದವರದ್ದು ತೆಗೆದುಕೊಳ್ಳುವುದಿಲ್ಲ. ದೇಹದಾನಕ್ಕೆ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಫಾರಂ ತುಂಬಬೇಕು. ಆದರೆ ಆ ದಿನ ಮನೆಯವರು ಒಪ್ಪದಿದ್ದರೆ ಫಾರಂ ಇದ್ದೂ ಪ್ರಯೋಜನವಿಲ್ಲ.

8. ನಡುವಿನ ದಿನಗಳು

ಮೇಲಿನ ಕೆಲಸಗಳು ಮುಗಿದರೆ ತಲೆಯಲ್ಲಿ ಜಾಗ ಖಾಲಿಯಾಗುತ್ತದೆ. ಕಾಯಿಲೆಯ ಜೊತೆಗೆ ಬದುಕುವುದು ಆಮೇಲೆಯೇ ಶುರು.

ದೊಡ್ಡ ಆಸೆಗಳ ಪಟ್ಟಿ ಮಾಡಬೇಡಿ. ಈ ವಾರ ಏನು, ಅಷ್ಟೇ. ಶರಣಬಸವೇಶ್ವರರ ತೇರು ನೋಡಬೇಕಾ, ಬಂದೇ ನವಾಜರ ದರ್ಗಾಕ್ಕೆ ಹೋಗಿ ಕೂರಬೇಕಾ, ಗಾಣಗಾಪುರದ ಸಂಗಮಕ್ಕೆ ಹೋಗಿ ಬರಬೇಕಾ, ತೊಗರಿ ಹೂವು ಬಿಟ್ಟಾಗ ಹೊಲದ ಬದುವಿಗೆ ಖುರ್ಚಿ ಹಾಕಿಸಿಕೊಂಡು ಕೂರಬೇಕಾ? ಒಂದನ್ನು ಆರಿಸಿ, ಮುಂಜಾನೆ ಬೇಗ ಹೋಗಿ ಬಿಸಿಲೇರುವ ಮೊದಲು ವಾಪಸ್ ಬನ್ನಿ. ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ, ಆರೋಗ್ಯ ಇರುವವರೇ ತತ್ತರಿಸುತ್ತಾರೆ. ನೀರು ಅಳೆದು ಕುಡಿಯಬೇಕಾದ ಕಿಡ್ನಿಯವರಿಗೆ ಏಪ್ರಿಲ್, ಮೇ ನರಕವೇ. ಐಸ್ ತುಂಡೊಂದನ್ನು ಬಾಯಲ್ಲಿಟ್ಟು ನಿಧಾನ ಕರಗಿಸಿ, ಅದನ್ನೂ ನೀರಿನ ಲೆಕ್ಕಕ್ಕೆ ಸೇರಿಸಿ. ನೋಡಲು ಬರುವವರು ಎಳನೀರು, ಬಾಳೆಹಣ್ಣು, ಮೋಸಂಬಿ ತರುತ್ತಾರೆ. ಕಿಡ್ನಿಯವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಜೀವಕ್ಕೇ ಅಪಾಯ. ಕೈಮುಗಿದು ತೆಗೆದುಕೊಳ್ಳಿ, ಮೊಮ್ಮಕ್ಕಳಿಗೆ ಕೊಡಿ.

ಬರುವವರಿಗೆ ಹೊತ್ತು ಗೊತ್ತು ಮಾಡಿ. "ಸಂಜಿ ಐದರ ಮ್ಯಾಲ ಬರ್ರಿ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಮಾಡಿಕೊಳ್ಳಲಿ.

9. ಕೊನೆ ಹತ್ತಿರ ಬಂದಾಗ (ಇದು ಮನೆಯವರಿಗೆ)

ನಿದ್ದೆ ಜಾಸ್ತಿ ಆಗುತ್ತದೆ. ಊಟ ನೀರು ಬೇಡವಾಗುತ್ತದೆ. ಕೈಕಾಲು ತಣ್ಣಗಾಗುತ್ತವೆ, ಉಸಿರು ನಿಂತು ನಿಂತು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದು ಕೇಳಬಹುದು. ಕೇಳುವವರಿಗೆ ಭಯವಾಗುತ್ತದೆ, ಸಾಮಾನ್ಯವಾಗಿ ಆ ಸದ್ದಿನಿಂದ ಅವರಿಗೆ ಹಿಂಸೆ ಇರುವುದಿಲ್ಲ. ಒಂದು ಮಗ್ಗುಲಿಗೆ ಹೊರಳಿಸಿ, ತಲೆ ಸ್ವಲ್ಪ ಎತ್ತರಿಸಿ. ಉಸಿರಾಡಲು ಕಷ್ಟವಾದರೆ ಮುಖಕ್ಕೆ ಗಾಳಿ ತಾಗುವಂತೆ ಸಣ್ಣ ಫ್ಯಾನ್ ಇಡಿ.

"ಉಣ್ಣಲಿಲ್ಲಂದ್ರ ಹೆಂಗ" ಅಂತ ಒತ್ತಾಯದಿಂದ ಗಂಜಿ ಹಾಕಬೇಡಿ. ಉಣ್ಣದ್ದಕ್ಕೆ ಸಾಯುತ್ತಿಲ್ಲ, ಮೈ ಮುಗಿಯುತ್ತಿರುವುದರಿಂದ ಊಟ ಬೇಡವಾಗಿದೆ. ತೀರ್ಥ, ಗಂಗಾಜಲ, ಜಮ್‌ಜಮ್ ನೀರು ಬಿಡುವ ಪದ್ಧತಿ ಇದ್ದರೆ ಚಮಚದಿಂದ ಸುರಿಯಬೇಡಿ. ನುಂಗುವ ಶಕ್ತಿ ಹೋಗಿರುತ್ತದೆ, ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಿಸುತ್ತದೆ. ಹತ್ತಿ ಅದ್ದಿ ತುಟಿ, ನಾಲಿಗೆ ಒದ್ದೆ ಮಾಡಿ, ಪದ್ಧತಿಯೂ ನಡೆದಂತಾಯಿತು. ಮಾತಾಡುತ್ತಿರಿ. ಪ್ರಜ್ಞೆ ಇಲ್ಲದಂತೆ ಕಂಡರೂ ಕಿವಿ ಕೇಳುತ್ತಿರಬಹುದು, ಆಸ್ತಿ ಮಾತು ಅಲ್ಲಿ ಬೇಡ.

ಮನೆಯಲ್ಲೇ ಆಗಲಿ ಅಂತ ತೀರ್ಮಾನಿಸಿದ್ದರೆ ಹತ್ತಿರದ ಒಬ್ಬ ಡಾಕ್ಟರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ನೋವು, ಉಸಿರಾಟದ ಔಷಧಿ ಮನೆಯಲ್ಲಿ ಇರಲಿ. ಗಾಬರಿಯಲ್ಲಿ 108ಕ್ಕೆ ಫೋನ್ ಮಾಡಿದರೆ ಅವರು ಆಸ್ಪತ್ರೆಗೇ ಕರೆದೊಯ್ಯುತ್ತಾರೆ, ಅದು ಅವರ ಕೆಲಸ. ಹೀಗಾಗಿ ಮೊದಲು ಡಾಕ್ಟರಿಗೆ, ಆಮೇಲೆ ಲಿವಿಂಗ್ ವಿಲ್‌ನಲ್ಲಿ ಹೆಸರು ಹಾಕಿಟ್ಟ ಒಬ್ಬರಿಗೆ. ಇಬ್ಬರ ನಂಬರನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಸಾವಾದ ಮೇಲೆ ಆ ಡಾಕ್ಟರಿಂದ ಸಾವಿನ ಕಾರಣದ ಚೀಟಿ ಪಡೆದು 21 ದಿನದೊಳಗೆ ನೋಂದಣಿ ಮಾಡಿಸಿ. ತಡವಾದರೆ ದಂಡ, ಅಲೆದಾಟ. ಪೌತಿ ಖಾತೆ (ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ವಿಮೆ, ವಿಧವಾ ವೇತನ ಎಲ್ಲಕ್ಕೂ ಆ ಮರಣ ಪ್ರಮಾಣಪತ್ರ ಕೇಳುತ್ತಾರೆ, ಒಂದಕ್ಕಿಂತ ಹೆಚ್ಚು ಪ್ರತಿ ತೆಗೆದುಕೊಳ್ಳಿ. ಆಧಾರ್ ಜೆರಾಕ್ಸ್ ಅದೇ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿರಿ, ಆ ದಿನ ಯಾರಿಗೂ ಹುಡುಕುವ ತ್ರಾಣ ಇರುವುದಿಲ್ಲ.